ಹಳ್ಳದ ನೀರನ್ನು ಓದಲು ಕಲಿಯೋಣ

ಕೇರಳದ ಕೋಡಂಚೇರಿಯಲ್ಲಿ ಕಡಿದಾದ ಹೊಳೆಗಳೇ ಮಳೆಗಾಲದ ಕಯಾಕಿಂಗ್ ಅಂಗಳ. ಅಲ್ಲಿನ ಮಲಬಾರ್ ರಿವರ್ ಫೆಸ್ಟಿವಲ್‌ಗೆ ವಿದೇಶಿ ಸ್ಪರ್ಧಿಗಳೂ ಬರುತ್ತಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಕಯಾಕ್ ಕ್ರಾಸ್ ಹೊಸದಾಗಿ ಸೇರಿತು. ಪಕ್ಕದ ದಾಂಡೇಲಿ ಭಾಗದಲ್ಲಿ ಕಾಳಿ ನದಿಯ ರಾಫ್ಟಿಂಗ್ ಹಲವರಿಗೆ ಅನ್ನ ಕೊಟ್ಟಿದೆ. ಆದರೆ ಅದು ಸೂಪಾ ಜಲಾಶಯದಿಂದ ಬಿಡುವ ನೀರನ್ನು ನಂಬಿದೆ.

ನಾನು ನವಲಗುಂದ ತಾಲ್ಲೂಕಿನವನು. ನಮ್ಮ ಬೆಣ್ಣಿಹಳ್ಳ ಹರಿಯುವುದು ಸಮತಟ್ಟಾದ ಎರೆಭೂಮಿಯಲ್ಲಿ. ಈ ಕ್ರೀಡೆಗೆ ಅದು ಒಗ್ಗದು. ಆದರೆ ಜೋರು ಮಳೆಗೆ ಉಕ್ಕಿ ಹೊಲ, ರಸ್ತೆ ನುಂಗುತ್ತದೆ. ರಕ್ಷಣಾ ತಂಡ ಬರುವವರೆಗೆ ದಡದಲ್ಲಿರುವವರು ನಾವೇ. ಸೆಳವು ಗುರುತಿಸುವುದು, ಹಗ್ಗ ಎಸೆಯುವುದು, ಲೈಫ್ ಜಾಕೆಟ್ ಇಲ್ಲದೆ ನೀರಿಗಿಳಿಯದಿರುವುದು ಕಯಾಕಿಂಗ್‌ನ ಮೊದಲ ಪಾಠಗಳು. ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಯ ಇಂಥ ತರಬೇತಿ ನಮ್ಮ ಕಾಲೇಜುಗಳ ಎನ್‌ಎಸ್‌ಎಸ್ ಘಟಕಗಳಿಗೂ ಬರಲಿ. ಅದರಿಂದ ಕೆಲವರಿಗೆ ಕೆಲಸ ಸಿಗಬಹುದು. ಊರಿಗಂತೂ ಜೀವ ಉಳಿಸುವವರು ಸಿಗುತ್ತಾರೆ.