ಕೀಮೋ ಶುರುವಾಗುವ ಮೊದಲೇ ಹೇಳಬೇಕಾದ ಮಾತು



ಜಿಲ್ಲಾ ಆಸ್ಪತ್ರೆಗಳಲ್ಲೇ ಡೇ ಕೇರ್ ಕೀಮೋಥೆರಪಿ ಕೇಂದ್ರಗಳು ಬರುತ್ತಿರುವುದು ಒಳ್ಳೆಯ ಸುದ್ದಿ. ಮೂರು ವರ್ಷದೊಳಗೆ ದೇಶದ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಇಂಥ ಕೇಂದ್ರ ತೆರೆಯುವುದಾಗಿ 2025ರ ಕೇಂದ್ರ ಬಜೆಟ್‌ನಲ್ಲಿ ಹೇಳಿದ್ದರು. ರಾತ್ರಿ ಬಸ್ಸು ಹಿಡಿದು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಸರದಿಗೆ ಕಾದವರಿಗೆ ಇದರ ಬೆಲೆ ಗೊತ್ತು. ಆದರೆ ನಾನು ಓದಿದ ಸುದ್ದಿಗಳಲ್ಲಿ ಹಾಸಿಗೆ ಎಷ್ಟು, ಸಿಬ್ಬಂದಿ ಎಷ್ಟು ಎಂಬುದಷ್ಟೇ ಇತ್ತು. ಅಲ್ಲಿಗೆ ಬರುವ ಹರೆಯದ ಹೆಣ್ಣುಮಕ್ಕಳಿಗೆ ಮೊದಲ ಡ್ರಿಪ್ ಏರಿಸುವ ಮುನ್ನ ಏನು ಹೇಳಬೇಕೆಂಬ ಮಾತು ಎಲ್ಲೂ ಕಾಣಲಿಲ್ಲ.

ನನ್ನ ತಂಗಿಗೆ 27ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಬಂತು. ಆಸ್ಪತ್ರೆಯಲ್ಲಿ ಚೆನ್ನಾಗಿ ನೋಡಿಕೊಂಡರು, ಅದರಲ್ಲಿ ಎರಡು ಮಾತಿಲ್ಲ. ಕೂದಲು ಉದುರುತ್ತದೆ, ವಾಂತಿಯಾಗುತ್ತದೆ, ಬಾಯಿ ಹುಣ್ಣಾಗುತ್ತದೆ, ಜ್ವರ ಬಂದರೆ ತಡಮಾಡದೆ ಬನ್ನಿ ಎಂದು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿಯೇ ಕೊಟ್ಟರು. ಅಂಡಾಶಯದ ಬಗ್ಗೆ, ಮುಂದೆ ಮಕ್ಕಳಾಗುವ ಬಗ್ಗೆ ಆ ಹಾಳೆಯಲ್ಲಿ ಒಂದಕ್ಷರವೂ ಇಲ್ಲ. ಫೈಲಿನ ಮೊದಲ ಪುಟದಲ್ಲಿ ‘ಅವಿವಾಹಿತೆ’ ಎಂದು ಬರೆದುಕೊಂಡಿದ್ದರು. ಮದುವೆಯಾಗದ ಹುಡುಗಿಯ ಮುಂದೆ ಮಕ್ಕಳ ಮಾತು ಎತ್ತಲು ಸಂಕೋಚವಾಯಿತೋ ಏನೋ. ಇಂಥದ್ದೊಂದು ಪ್ರಶ್ನೆ ಕೇಳಬೇಕೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಚಿಕಿತ್ಸೆ ಅರ್ಧಕ್ಕೆ ಬರುವಷ್ಟರಲ್ಲಿ ಮುಟ್ಟು ನಿಂತಿತು, ಆಮೇಲೂ ಬರಲಿಲ್ಲ. ಮೈಯೆಲ್ಲ ಬಿಸಿಯೇರುವುದು, ರಾತ್ರಿ ಬೆವರಿಗೆ ರವಿಕೆ ತೊಯ್ದು ಹೋಗುವುದು, ಕೀಲು ನೋವು, ಹೀಗೆ ನಮ್ಮ ಅಮ್ಮ ಐವತ್ತರ ಹತ್ತಿರ ಅನುಭವಿಸಿದ್ದನ್ನು ಅವಳು ಮೂವತ್ತಕ್ಕೆ ಮೊದಲೇ ಅನುಭವಿಸಿದಳು. ಅಂಡಾಣು ಎಷ್ಟು ಉಳಿದಿದೆ ಎಂದು ಅಂದಾಜಿಸುವ ಎಎಂಎಚ್ ರಕ್ತಪರೀಕ್ಷೆಯ ವರದಿ ನೋಡಿದ ಸ್ತ್ರೀರೋಗ ತಜ್ಞೆ ಕೇಳಿದ್ದು ಒಂದೇ ಮಾತು: “ಕೀಮೋಗೆ ಮೊದಲೇ ಯಾಕಮ್ಮ ಬರಲಿಲ್ಲ?”

ಹೆಣ್ಣಿನ ಅಂಡಾಣುಗಳೆಲ್ಲ ಹುಟ್ಟುವಾಗಲೇ ಇರುತ್ತವೆ, ಆಮೇಲೆ ಕಡಿಮೆಯಾಗುತ್ತ ಹೋಗುತ್ತವೆ. ಸ್ತನ ಕ್ಯಾನ್ಸರಿಗೂ ಲಿಂಫೋಮಾಗೂ ಹೆಚ್ಚಾಗಿ ಕೊಡುವ ಸೈಕ್ಲೋಫಾಸ್ಫಮೈಡ್‌ನಂಥ ಔಷಧ ಆ ದಾಸ್ತಾನಿಗೇ ಕೈಹಾಕುತ್ತದೆ. ಕಿಬ್ಬೊಟ್ಟೆಗೆ ಕೊಡುವ ರೇಡಿಯೇಷನ್ ಅಂಡಾಶಯದ ಜೊತೆಗೆ ಗರ್ಭಕೋಶವನ್ನೂ ಹಾಳುಮಾಡುತ್ತದೆ. ಎಲ್ಲರಿಗೂ ಹೀಗೇ ಆಗುತ್ತದೆ ಎಂದಲ್ಲ. ವಯಸ್ಸು, ಔಷಧ, ಪ್ರಮಾಣದ ಮೇಲೆ ಅಪಾಯ ಹೆಚ್ಚು ಕಡಿಮೆಯಾಗುತ್ತದೆ. ಮುಟ್ಟು ಮರಳಿ ಬಸಿರಾದವರೂ ಇದ್ದಾರೆ. ಅದಕ್ಕೇ ಮೊದಲೇ ಕೂತು ಮಾತಾಡಬೇಕು ಎನ್ನುವುದು.

ದಾರಿಗಳೂ ಇವೆ. ಅಂಡಾಣು ತೆಗೆದು ಶೀತಲೀಕರಿಸಿ ಇಡಲು ಎರಡು ವಾರದ ಹತ್ತಿರ ಸಮಯ ಸಾಕು, ಈಗ ಮುಟ್ಟಿನ ದಿನಕ್ಕಾಗಿ ಕಾಯಬೇಕಾಗಿಯೂ ಇಲ್ಲ. ಹಾರ್ಮೋನಿಗೆ ಸ್ಪಂದಿಸುವ ಸ್ತನ ಕ್ಯಾನ್ಸರ್ ಇರುವವರಿಗೆ ಹಾರ್ಮೋನು ಏರದಿರಲಿ ಎಂದು ಲೆಟ್ರೊಜೋಲ್ ಮಾತ್ರೆ ಸೇರಿಸಿ ಕೊಡುತ್ತಾರೆ. ರೇಡಿಯೇಷನ್ ತಾಗದಂತೆ ಅಂಡಾಶಯವನ್ನು ಮೇಲಕ್ಕೆ ಸರಿಸಿ ಹೊಲಿಯುವ ಶಸ್ತ್ರಚಿಕಿತ್ಸೆ ಇದೆ. ಅಂಡಾಶಯದ ತುಣುಕನ್ನೇ ತೆಗೆದಿಟ್ಟು, ಗುಣವಾದ ಮೇಲೆ ಮತ್ತೆ ಕಸಿ ಮಾಡಿ ಬೆಲ್ಜಿಯಂನಲ್ಲಿ ಮಗು ಹುಟ್ಟಿದ್ದು 2004ರಲ್ಲಿ. ಕೀಮೋ ಪಡೆಯಬೇಕಾದ, ಇನ್ನೂ ಮೈನೆರೆಯದ ಹುಡುಗಿಯರಿಗೆ ಇರುವುದು ತುಣುಕು ತೆಗೆದಿಡುವ ಆ ಒಂದೇ ದಾರಿ. ಈ ವಿಷಯವನ್ನು ಚಿಕಿತ್ಸೆಗೆ ಮೊದಲೇ ರೋಗಿಯ ಹತ್ತಿರ ಮಾತಾಡಬೇಕೆಂದು ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2006ರಲ್ಲೇ ಮಾರ್ಗಸೂಚಿ ಹೊರಡಿಸಿತ್ತು.

“ಜೀವ ಉಳಿದರೆ ಸಾಕು, ಮಕ್ಕಳ ಮಾತು ಈಗ್ಯಾಕೆ” ಎನ್ನುವವರು ನಮ್ಮ ನೆಂಟರಲ್ಲೂ ಇದ್ದರು. ಜೀವ ಉಳಿಯುತ್ತಿರುವುದರಿಂದಲೇ ಈ ಮಾತು ಬಂದಿದೆ. ತಂಗಿಯ ಮುಂದೆ ಇನ್ನೂ ನಲವತ್ತು ಐವತ್ತು ವರ್ಷದ ಬದುಕಿದೆ. ರಕ್ತದ ಕ್ಯಾನ್ಸರ್‌ನಂಥ ಕೆಲವು ಕಾಯಿಲೆಗಳಲ್ಲಿ ಎರಡು ವಾರ ಕಾಯಲು ಆಗುವುದಿಲ್ಲ, ನಿಜ. ಆಗುವುದಿಲ್ಲ ಎಂದಾದರೂ ಹೇಳಬೇಕಲ್ಲ? ಮಕ್ಕಳು ಬೇಡ ಎಂದು ತೀರ್ಮಾನಿಸುವ ಹಕ್ಕೂ ಅವಳದೇ. ಅವಳನ್ನು ಕೇಳದೆ ಬೇರೆ ಯಾರೂ ಅದನ್ನು ತೀರ್ಮಾನಿಸಬಾರದು.

ದುಡ್ಡಿನ ಮಾತು ಇದಕ್ಕಿಂತ ಕಷ್ಟದ್ದು. ಆಯುಷ್ಮಾನ್ ಭಾರತ್ ಕಾರ್ಡಿನಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಕೀಮೋ ಕೂಡ ಅದರಲ್ಲಿ ಬರುತ್ತದೆ. ಆದರೆ ಸಂತಾನಕ್ಕೆ ಸಂಬಂಧಿಸಿದ ಚಿಕಿತ್ಸೆಗಳನ್ನು ಯೋಜನೆಯಿಂದ ಹೊರಗಿಟ್ಟಿದ್ದಾರೆ. ಅಂಡಾಣು ತೆಗೆದಿಡಲು ಹೆಚ್ಚಿನವರು ಖಾಸಗಿ ಐವಿಎಫ್ ಕೇಂದ್ರಕ್ಕೇ ಹೋಗಬೇಕಾಗುತ್ತದೆ, ಇಟ್ಟಿದ್ದಕ್ಕೆ ಪ್ರತಿವರ್ಷ ಶುಲ್ಕ ಬೇರೆ. ಕೂಲಿ ಮಾಡುವವರ ಮನೆಯಲ್ಲಿ ಅಷ್ಟು ಹಣ ಎಲ್ಲಿಂದ ಬರಬೇಕು? ಕೀಮೋದಿಂದ ವಾಂತಿಯಾಗದಿರಲಿ ಎಂದು ಕೊಡುವ ಇಂಜೆಕ್ಷನ್ ಚಿಕಿತ್ಸೆಯ ಭಾಗವಾದರೆ, ಅದೇ ಕೀಮೋದಿಂದ ಅಂಡಾಶಯಕ್ಕೆ ಆಗುವ ನಷ್ಟ ತಪ್ಪಿಸುವುದೂ ಚಿಕಿತ್ಸೆಯ ಭಾಗವೇ.

ಹಾಗಾಗಿ ಆರೋಗ್ಯ ಇಲಾಖೆ ಮೂರು ಕೆಲಸ ಮಾಡಲಿ. 45ರೊಳಗಿನ ಹೆಣ್ಣುಮಕ್ಕಳಿಗೆ ಕೀಮೋ ಅಥವಾ ರೇಡಿಯೇಷನ್ ಕೊಡುವ ಮುನ್ನ ಈ ವಿಷಯ ತಿಳಿಸಿದ್ದೇವೆಂದು ಕೇಸ್ ಶೀಟಿನಲ್ಲಿ ಬರೆದು ಸಹಿ ಪಡೆಯುವುದು ಕಡ್ಡಾಯವಾಗಲಿ, ಮದುವೆ ಆಗಿರಲಿ ಬಿಡಲಿ. ಕ್ಯಾನ್ಸರ್ ರೋಗಿಗಳಿಗೆ ಮಾತ್ರವಾದರೂ ಅಂಡಾಣು ಶೀತಲೀಕರಣದ ಖರ್ಚನ್ನು ರಾಜ್ಯ ಸರ್ಕಾರ ಕೊಡಲಿ. ಇನ್ನು 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ (ಎಆರ್‌ಟಿ) ಕಾಯ್ದೆ 21 ವರ್ಷ ದಾಟಿದ ಹೆಂಗಸರಿಗೆ ಸೇವೆ ಎನ್ನುತ್ತದೆ. ಹದಿನೇಳರ ಹುಡುಗಿಗೆ ಕ್ಯಾನ್ಸರ್ ಬಂದರೆ ಐವಿಎಫ್ ಕೇಂದ್ರದವರು ಏನು ಮಾಡಬೇಕೆಂಬ ಸ್ಪಷ್ಟ ಸೂಚನೆಯನ್ನು ಕೇಂದ್ರ ಸರ್ಕಾರದಿಂದ ಕೇಳಿ ಪಡೆಯಲಿ. ಹೊಸ ಡೇ ಕೇರ್ ಕೇಂದ್ರಗಳ ನರ್ಸ್‌ಗಳಿಗೆ, ವೈದ್ಯರಿಗೆ ತರಬೇತಿ ಕೊಡುವಾಗಲೇ ಇದನ್ನೂ ಸೇರಿಸಬಹುದು.

– ಓದುಗಿ, ಚಿತ್ರದುರ್ಗ