ಪುಣೆಯಲ್ಲಿದ್ದೂ ಪುಣೆಯನ್ನು ಕಾಣದವರು

ಜತ್ತ ತಾಲೂಕಿನ ಕನ್ನಡ ಊರುಗಳಿಂದ ಓದಲೆಂದು ಪುಣೆಗೆ ಹೋಗುವವರು ಈಗ ಊರಿಗೊಬ್ಬರಿಬ್ಬರಲ್ಲ. ಉಮದಿಯಿಂದ, ಸಂಖದಿಂದ, ಬಿಳೂರಿನಿಂದ, ಮಾಡಗ್ಯಾಳದಿಂದ ಹೊರಟ ತರುಣರು ಸಾಂಗಲಿ-ಮಿರಜಗಳಲ್ಲಿ ನಿಲ್ಲದೆ ನೆಟ್ಟಗೆ ಪುಣೆಯನ್ನು ಸೇರುವರು. ಕೆಲವರು ಇಂಜಿನಿಯರಿಂಗಿಗೆ, ಕೆಲವರು ನರ್ಸಿಂಗಿಗೆ, ಇನ್ನೂ ಹಲವರು ಲೋಕಸೇವಾ ಆಯೋಗದ ಪರೀಕ್ಷೆಗಳಿಗೆ. ಸದಾಶಿವ ಪೇಟೆಯಲ್ಲಿಯೋ ನಾರಾಯಣ ಪೇಟೆಯಲ್ಲಿಯೋ ಒಂದು ಕೋಣೆ. ಆ ಕೋಣೆಯಲ್ಲಿ ನಾಲ್ಕು ಮಂಚ. ಅವುಗಳಲ್ಲಿ ಒಂದು ಮಂಚದ ಬಾಡಿಗೆ. ಎರಡು ಹೊತ್ತು ಮೆಸ್ಸಿನ ಡಬ್ಬಿ. ಹಗಲೆಲ್ಲ ದುಡ್ಡು ಕೊಟ್ಟು ಕೂಡುವ ಅಭ್ಯಾಸಿಕೆ. ಹೀಗೆ ಮೂರು ವರ್ಷ, ಐದು ವರ್ಷ ಕಳೆಯುವವು. ಊರಿಗೆ ಬಂದಾಗ ‘ಪುಣೆ ಹೇಗಿದೆಯಪ್ಪಾ?’ ಎಂದು ಕೇಳಿದರೆ ಬರುವ ಉತ್ತರವೆಂದರೆ ಬಾಡಿಗೆ ಏರಿದೆ, ಅನ್ನ ಸರಿಯಿಲ್ಲ, ಗದ್ದಲ ಬಹಳ ಎಂಬಿಷ್ಟೇ. ಎರಡು ದಿನ ಜಾತ್ರೆಗೆ ಹೋಗಿ ಬಂದವನು ಇದಕ್ಕಿಂತ ಹೆಚ್ಚು ಹೇಳುತ್ತಾನೆ.

ಇದು ಈ ಮಕ್ಕಳ ತಪ್ಪೆಂದು ನಾವು ಹೇಳುವದಿಲ್ಲ. ಅವರನ್ನು ಬಸ್ಸು ಹತ್ತಿಸುವಾಗ ನಾವು ಹಿರಿಯರೇ ಕಟ್ಟಿಕೊಡುವ ಬುತ್ತಿಯಲ್ಲಿ ಒಂದು ಮಾತೂ ಇರುತ್ತದೆ: ‘ಸುಮ್ಮನೆ ಊರು ತಿರುಗಬೇಡ.’ ಮಳೆ ಕೈಕೊಡುವ ಸೀಮೆ ನಮ್ಮದು. ಕುರಿ ಮಾರಿ, ದಾಳಿಂಬೆಯ ಪೀಕಿನ ಮೇಲೆ ಸಾಲ ತೆಗೆದು ಕಳಿಸಿದ ಹಣವದು. ತಂದೆಯ ಎದೆ ಡವಗುಟ್ಟುವದು ಸಹಜವೇ. ಆದರೆ ಸಿನಿಮಾಕ್ಕೆ ಹೋಗುವದಕ್ಕೂ ತಾನು ಬಾಳುವ ನಗರವನ್ನು ಅರಿಯುವದಕ್ಕೂ ಅಂತರವಿಲ್ಲವೆ? ನಡೆದು ನೋಡುವದಕ್ಕೆ ಕಾಸು ಬೇಡ. ವಾರಕ್ಕೊಂದು ಮುಂಜಾವು ಸಾಕು. ಮೇಲಾಗಿ, ಪರೀಕ್ಷೆಯ ಪುಸ್ತಕದಲ್ಲಿ ಅಕ್ಷರ ಅಕ್ಷರವಾಗಿ ಬಾಯಿಪಾಠ ಮಾಡುವ ಚರಿತ್ರೆಯ ಅರ್ಧ ಭಾಗ ಅವರ ಕೋಣೆಯಿಂದ ಕೂಗಳತೆಯಲ್ಲಿ ನಡೆದದ್ದು. ಸದಾಶಿವ ಪೇಟೆಯ ವಿಶ್ರಾಮಬಾಗ ವಾಡೆಯನ್ನೇ ತೆಗೆದುಕೊಳ್ಳಿರಿ. ಎರಡನೆಯ ಬಾಜೀರಾಯ ಕಟ್ಟಿಸಿದ ಅರಮನೆ ಅದು. 1817ರ ನವೆಂಬರಿನಲ್ಲಿ ಖಡಕಿಯ ಯುದ್ಧವಾಗಿ ಪೇಶವಾಯಿ ಮುಳುಗಿತು. ನಾಲ್ಕೇ ವರ್ಷಕ್ಕೆ, 1821ರಲ್ಲಿ, ಎಲ್ಫಿನ್‌ಸ್ಟನ್ನನ ಆಡಳಿತವು ಅದೇ ವಾಡೆಯಲ್ಲಿ ಸಂಸ್ಕೃತ ಪಾಠಶಾಲೆಯನ್ನು ತೆರೆಯಿತು. ಪೇಶವೆಯರು ಬ್ರಾಹ್ಮಣರಿಗೆ ಹಂಚುತ್ತಿದ್ದ ದಕ್ಷಿಣೆಯ ಹಣವನ್ನು ಶಾಲೆಯ ಕಡೆಗೆ ತಿರುಗಿಸಿ ಗೆದ್ದವನು ಸೋತವರ ಮನಸ್ಸನ್ನು ಒಲಿಸಿಕೊಂಡ ಜಾಣತನವಿದು. ಆ ಪಾಠಶಾಲೆಯೇ ಬೆಳೆದು ಮುಂದೆ ಡೆಕ್ಕನ್ ಕಾಲೇಜಾಯಿತು. ಇದನ್ನರಿಯದೆ ಆ ವಾಡೆಯ ಮುಂದೆ ನಿಂತು ಚಹಾ ಕುಡಿಯುವ ನಮ್ಮ ಹುಡುಗರನ್ನು ಕಂಡಾಗ ನಗಬೇಕೋ ಅಳಬೇಕೋ ತಿಳಿಯದು.

ಇನ್ನೊಂದು ಪಂಗಡವಿದೆ. ಇವರು ನಗರವನ್ನು ತೋರಿಸುತ್ತೇವೆಂದು ಹೊರಟವರು. ಇವರ ಪುಸ್ತಿಕೆಗಳಲ್ಲಿ ಕಮಾನುಗಳುಂಟು, ಗೋಪುರಗಳುಂಟು, ಬಣ್ಣದ ಗಾಜುಗಳುಂಟು, ಯಾವ ಗವರ್ನರನ ಕಾಲದಲ್ಲಿ ಕಟ್ಟಿದ್ದೆಂಬ ಇಸವಿಯೂ ಉಂಟು. ಯಾರ ಹಣ, ಯಾರ ಬೆವರು, ಯಾತಕ್ಕಾಗಿ ಎಂಬ ಮಾತು ಮಾತ್ರ ಇಲ್ಲ. ಕ್ಯಾಂಪಿನ ಬೀದಿಗಳನ್ನು ಸುತ್ತಿಸಿ, ಬಗದಾದಿನಿಂದ ಬಂದ ಸಾಸೂನ್ ಮನೆತನದವರು ಕಟ್ಟಿಸಿದ ಕೆಂಪು ಇಟ್ಟಿಗೆಯ ಯಹೂದ್ಯ ಮಂದಿರವನ್ನು ತೋರಿಸಿ, ಬೇಕರಿಯ ಬಿಸ್ಕೀಟು ಕೊಡಿಸಿ, ‘ಆಹಾ, ಎಂತಹ ಕಾಲ!’ ಎನಿಸಿ ಕಳಿಸುವರು. ಆ ಕಾಲ ಯಾರಿಗೆ ಆಹಾ ಎನ್ನುವಂತಿತ್ತು?

ಗಣೇಶಖಿಂಡದ ಕಟ್ಟಡವನ್ನು ನೋಡೋಣ. ಇಂದು ಅದು ಪುಣೆಯ ವಿದ್ಯಾಪೀಠದ ಮುಖ್ಯ ಭವನ. 1864ರಲ್ಲಿ ಗವರ್ನರ್ ಬಾರ್ಟಲ್ ಫ್ರೇರ್ ಮಳೆಗಾಲದ ತಂಪಿಗೆಂದು ತನಗಾಗಿ ಆರಂಭಿಸಿದ ಅರಮನೆ ಅದು, ಮುಗಿದದ್ದು 1871ರಲ್ಲಿ. ಅದು ಎಂತಹ ಸಮಯ? ಅಮೇರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲಂಡಿಗೆ ಬರುವದು ನಿಂತಿತ್ತು. ಮುಂಬಯಿಯ ಹತ್ತಿಗೆ ಬಂಗಾರದ ಬೆಲೆ ಬಂದಿತ್ತು. ಆ ಬಂದರದಲ್ಲಿ ಹಡಗೇರಿದ ಹತ್ತಿಯಲ್ಲಿ ‘ಧಾರವಾಡ-ಅಮೇರಿಕನ್’ ಎಂದು ಹೆಸರು ಪಡೆದ ನಮ್ಮ ಎರೆಭೂಮಿಯ ಹತ್ತಿಯೂ ಇತ್ತು. 1865ರಲ್ಲಿ ಯುದ್ಧ ನಿಂತಿತು, ಬೆಲೆ ಕುಸಿಯಿತು, ಸಾಹುಕಾರರು ದಿವಾಳಿಯೆದ್ದರು. ಅರಮನೆಯ ಗೋಪುರ ಮಾತ್ರ ಏರುತ್ತಲೇ ಹೋಯಿತು. ಅದು ಮುಗಿದು ಐದು ವರ್ಷವಾಗುವದರೊಳಗೆ, 1876ರಿಂದ 78ರ ವರೆಗೆ, ಬರ ಬಿದ್ದು ಅಂದಿನ ಕಲಾದಗಿ ಜಿಲ್ಲೆ, ಎಂದರೆ ಈಗಿನ ವಿಜಾಪುರ-ಬಾಗಲಕೋಟೆಗಳ ಸೀಮೆ, ಹಾಳು ಸುರಿಯಿತು. ಹತ್ತಿಯ ಹೊಲ ನಮ್ಮದು, ಗೋಪುರ ಅವರದು ಎಂಬ ಲೆಕ್ಕವನ್ನು ಯಾವ ದರ್ಶನದ ಪುಸ್ತಿಕೆಯಲ್ಲಿ ಬರೆದಿದ್ದಾರೆ?

ಅದೇ ಪುಣೆಯಲ್ಲಿ 1870ರಲ್ಲಿ ಹುಟ್ಟಿದ ಸಾರ್ವಜನಿಕ ಸಭೆಯು ಆ ಬರದ ವೃತ್ತಾಂತವನ್ನು ಜಿಲ್ಲೆಜಿಲ್ಲೆಗಳಿಂದ ತರಿಸಿ ಸರಕಾರಕ್ಕೆ ಅರ್ಜಿಯ ಮೇಲೆ ಅರ್ಜಿ ಬರೆಯಿತೆಂಬುದನ್ನೂ ಇಲ್ಲಿ ಹೇಳಬೇಕು. ಇಲ್ಲದಿದ್ದರೆ ನಗರಕ್ಕೆ ಅನ್ಯಾಯ ಮಾಡಿದಂತಾಗುವದು. ಅರಮನೆಯೂ ಅಲ್ಲಿಯದೇ, ಅರ್ಜಿಯೂ ಅಲ್ಲಿಯದೇ. 1897ರ ಜೂನ್ 22ರ ರಾತ್ರಿ ರಾಣಿ ವಿಕ್ಟೋರಿಯಾ ಪಟ್ಟವೇರಿದ ಅರವತ್ತನೆಯ ವರ್ಷದ ಉತ್ಸವವನ್ನು ಈ ಅರಮನೆಯಲ್ಲಿ ಮುಗಿಸಿಕೊಂಡು ಮರಳುತ್ತಿದ್ದ ಪ್ಲೇಗಿನ ಅಧಿಕಾರಿ ರ್‍ಯಾಂಡನ ಮೇಲೆ ಚಾಪೇಕರ ಸಹೋದರರು ಗುಂಡು ಹಾರಿಸಿದ್ದೂ ಈ ದಾರಿಯಲ್ಲಿಯೇ. ಪ್ಲೇಗಿನ ಹೆಸರಿನಲ್ಲಿ ಸೋಜರರು ಮನೆಮನೆಗೆ ನುಗ್ಗಿ ಶೋಧಿಸಿದ ಸಿಟ್ಟು ಅದರ ಹಿಂದಿತ್ತು. ಈ ಹಾದಿಯಲ್ಲಿ ದಿನವೂ ಸಿಟಿ ಬಸ್ಸಿನಲ್ಲಿ ತೂಕಡಿಸುತ್ತ ಹೋಗುವ ವಿದ್ಯಾರ್ಥಿಗೆ ಒಂದು ದಿನ ಇಳಿದು ನಡೆಯೆಂದು ಹೇಳುವದು ಕಾಲಹರಣದ ಬೋಧೆಯೆ?

‘ಪರದಾಸ್ಯದ ಗುರುತುಗಳನ್ನು ನೋಡಿ ಆಗಬೇಕಾದದ್ದೇನು?’ ಎಂದು ಕೇಳುವ ದೇಶಾಭಿಮಾನಿಗಳೂ ನಮ್ಮಲ್ಲಿ ಇದ್ದಾರೆ. ಬೇಡಿಯನ್ನು ನೋಡಲೊಲ್ಲದವನು ಅದು ಎಲ್ಲಿ ಕಡಿಯಿತೆಂಬುದನ್ನು ಹೇಗೆ ಬಲ್ಲನು? ಯೆರವಡೆಯ ಜೈಲಿನಲ್ಲಿ 1932ರ ಸಪ್ಟೆಂಬರಿನಲ್ಲಿ ಗಾಂಧೀಜಿಯವರ ಉಪವಾಸದ ನಡುವೆ ಅಂಬೇಡಕರರೊಡನೆ ಪುಣೆಯ ಒಪ್ಪಂದವಾಯಿತು. ಅಲ್ಲಿಗೆ ಸಮೀಪದ ಆಗಾಖಾನ ಅರಮನೆಯಲ್ಲಿ 1942ರ ಆಗಸ್ಟಿನಲ್ಲಿ ಮಹಾದೇವ ದೇಸಾಯಿಯವರೂ 1944ರ ಫೆಬ್ರುವರಿಯಲ್ಲಿ ಕಸ್ತೂರಬಾ ಅವರೂ ಸೆರೆಯಲ್ಲಿದ್ದಂತೆಯೇ ತೀರಿಕೊಂಡರು. ಇವೂ ಪರಕೀಯರ ಕಾಲದ ಕಟ್ಟಡಗಳೇ. ಕಣ್ಣು ಮುಚ್ಚಿಕೊಳ್ಳುವದು ಯಾವ ಅಭಿಮಾನ?

ಇನ್ನು ಮೂರನೆಯ ಆಕ್ಷೇಪಣೆ. ನಮಗೆ ಅತ್ಯಂತ ನೋವನ್ನುಂಟುಮಾಡುವದು ಇದೇ. ‘ಅದು ಮರಾಠಿಗರ ಊರು, ಕನ್ನಡಿಗನಿಗೆ ಅಲ್ಲೇನಿದೆ? ಓದು ಮುಗಿಸಿ ಬಂದುಬಿಡಬೇಕು.’ ಈ ಮಾತನ್ನು ನಂಬಿಯೇ ಎಷ್ಟೋ ಹುಡುಗರು ಕೋಣೆಯ ಸಂಗಾತಿಗಳೆದುರು ಮನೆಗೆ ಫೋನು ಮಾಡುವಾಗ ದನಿ ತಗ್ಗಿಸಿ ಕನ್ನಡವಾಡುವರು. ಇವರಿಗೆ ನಾವು ಉಮದಿಯನ್ನೇ ನೆನಪಿಸುತ್ತೇವೆ. ಇದೇ ಜತ್ತ ತಾಲೂಕಿನ ಉಮದಿಯ ಭಾವೂಸಾಹೇಬ ಮಹಾರಾಜರು, ಇಂಚಗೇರಿಯ ಸಂಪ್ರದಾಯವನ್ನು ನೆಲೆಗೊಳಿಸಿದವರು, ಜಮಖಂಡಿಯ ಒಬ್ಬ ಹುಡುಗನಿಗೆ 1901ರಲ್ಲಿ ನಾಮವನ್ನು ಕೊಟ್ಟರು. ಆ ಹುಡುಗ ಡೆಕ್ಕನ್ ಕಾಲೇಜಿನಲ್ಲಿ ಓದಿ, ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಹೇಳಿ, 1926ರಲ್ಲಿ ಪುಣೆಯಿಂದಲೇ ಉಪನಿಷತ್ತುಗಳ ಮೇಲಿನ ತನ್ನ ಮಹಾಗ್ರಂಥವನ್ನು ಹೊರತಂದ ಗುರುದೇವ ರಾನಡೆ. ಮಹಾರಾಷ್ಟ್ರದ ಸಂತರನ್ನು ಕುರಿತು ಬರೆದ ಅದೇ ಕೈ ಕನ್ನಡದ ಅನುಭಾವಿಗಳನ್ನು ಕುರಿತೂ ಬರೆಯಿತು. ಉಮದಿಯ ಜಪಮಣಿಯೂ ಪುಣೆಯ ಗ್ರಂಥಾಲಯವೂ ಒಬ್ಬನೇ ಮನುಷ್ಯನಲ್ಲಿ ಕೂಡಿ ಬಾಳಿದವು. ಉಮದಿಯ ವಿದ್ಯಾರ್ಥಿಯೇ ಫರ್ಗ್ಯುಸನ್ ಕಾಲೇಜಿನ ರಸ್ತೆಯಲ್ಲಿ ತನ್ನನ್ನು ಪರಕೀಯನೆಂದು ಬಗೆದರೆ ಇನ್ನು ಸ್ವಕೀಯನು ಯಾರು?

ಬೇಂದ್ರೆಯವರು ಬಿ.ಎ. ಆದದ್ದು ಈ ಫರ್ಗ್ಯುಸನ್ ಕಾಲೇಜಿನಿಂದಲೇ, 1918ರಲ್ಲಿ. ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ಕಣ್ಣು ಮುಚ್ಚಿದ್ದು ಪುಣೆಯಲ್ಲಿ. ಮರುವರ್ಷದಿಂದ ಅವರ ಹೆಸರಿನ ಸಂಗೀತೋತ್ಸವವನ್ನು ಅಲ್ಲಿ ನಡೆಸಿಕೊಂಡು ಬಂದವರು ಗದುಗಿನ ಭೀಮಸೇನ ಜೋಶಿ. ಡೆಕ್ಕನ್ ಕಾಲೇಜು 1939ರಲ್ಲಿ ಸಂಶೋಧನ ಸಂಸ್ಥೆಯಾಗಿ ಪುನಃ ತೆರೆದ ಮೇಲೆ ಅಲ್ಲಿ ನಡೆದ ಕನ್ನಡದ ಕೆಲಸವನ್ನು ಕೇಳಿರಿ. ಜಿ. ಎಸ್. ಗಾಯಿಯವರು ಶಾಸನಗಳನ್ನು ಅಳೆದು ತೂಗಿ ಬರೆದ ಹಳಗನ್ನಡದ ಐತಿಹಾಸಿಕ ವ್ಯಾಕರಣವು 1946ರಲ್ಲಿ ಅಲ್ಲಿಂದ ಹೊರಬಿದ್ದಿತು. ವಿಲಿಯಂ ಬ್ರೈಟ್ ಎಂಬ ಅಮೇರಿಕದ ಪಂಡಿತನು ಆಡುಗನ್ನಡದ ರಚನೆಯನ್ನು ಕುರಿತು ಬರೆದ ಪುಸ್ತಕವನ್ನು 1958ರಲ್ಲಿ ಅಚ್ಚುಹಾಕಿದ್ದು ಅಲ್ಲಿಯೇ. ಮುಂದೆ ಡಿ. ಎನ್. ಶಂಕರ ಭಟ್ಟರೂ ಅಲ್ಲಿ ದುಡಿದರು. ಕನ್ನಡವನ್ನು ಕಲಿಯಲು ಜನರು ಸಮುದ್ರ ದಾಟಿ ಪುಣೆಗೆ ಬಂದರು. ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಹುಡುಗ ಪುಣೆಯಲ್ಲಿ ಕನ್ನಡವನ್ನು ಬಚ್ಚಿಡುತ್ತಾನೆ!

ಇಷ್ಟೂ ದೊಡ್ಡವರ ಮಾತಾಯಿತು. ಪುಣೆಯಲ್ಲಿ ಗಗನಕ್ಕೇರುತ್ತಿರುವ ಯಾವ ಹೊಸ ಕಟ್ಟಡದ ಬುಡಕ್ಕೆ ಹೋದರೂ ಕಲಬುರ್ಗಿ, ಯಾದಗಿರಿ, ವಿಜಾಪುರದ ಕಡೆಯ ಕನ್ನಡ ಕಿವಿಗೆ ಬೀಳುವದು. ಬುಟ್ಟಿ ಹೊರುವ ತಾಯಿ ಮರಳಿನ ಗುಡ್ಡೆಯ ಮೇಲೆ ಕುಳಿತ ಮಗುವನ್ನು ಕನ್ನಡದಲ್ಲಿಯೇ ಗದರಿಸುತ್ತಾಳೆ. ಹಳೆಯ ಅರಮನೆಗಳ ಕಲ್ಲನ್ನು ಹೊತ್ತವರು ಯಾರೆಂದು ಯಾರೂ ಬರೆದಿಡಲಿಲ್ಲ. ಇವರದನ್ನಾದರೂ ನಮ್ಮ ವಿದ್ಯಾರ್ಥಿಗಳು ಕೇಳಿ ಬರೆದಿಡಬಾರದೆ?

ಈಗ ನಮ್ಮ ನಿಜವಾದ ತಕರಾರಿಗೆ ಬರುತ್ತೇವೆ. ಪುಣೆಯಲ್ಲಿ ಪೇಶವೆ ದಫ್ತರವೆಂಬ ದಾಖಲೆಗಳ ಭಂಡಾರವಿದೆ. 1891ರ ಕಲ್ಲಿನ ಕಟ್ಟಡ. ಬಹುಪಾಲು ಕಾಗದಗಳು ಮೋಡಿ ಲಿಪಿಯಲ್ಲಿವೆ. ಇಂಗ್ಲಿಷು, ಫಾರಸಿಗಳಲ್ಲಿಯೂ ಉಂಟು. 1852ರ ಕಾಯದೆಯ ಬೆಂಬಲದಿಂದ ಇನಾಮು ಕಮೀಶನ್ನು ದಕ್ಷಿಣ ಮರಾಠಾ ಸೀಮೆಯ ಇನಾಮುಗಳನ್ನು ಜರಡಿ ಹಿಡಿದಾಗ ಈ ದಫ್ತರಗಳೇ ಸಾಕ್ಷಿಯಾದವು. ಆ ಜರಡಿಯ ಉರಿ 1858ರಲ್ಲಿ ನರಗುಂದದಲ್ಲಿಯೂ ಮುಂಡರಗಿಯಲ್ಲಿಯೂ ಹೊತ್ತಿದ್ದು ನಮ್ಮವರಿಗೆಲ್ಲ ಗೊತ್ತು. ಜತ್ತವಾದರೂ ಡಫಳೆ ಮನೆತನದ ಜಹಗೀರು. ಸಾತಾರೆಯ ರಾಜ್ಯ 1848ರಲ್ಲಿ ಕಂಪನಿಯ ಪಾಲಾದ ಮೇಲೆ ನೇರವಾಗಿ ಬ್ರಿಟಿಶರ ಅಂಕೆಗೆ ಬಂದ ಸಂಸ್ಥಾನ. ಬಹುಕಾಲ ವಿಜಾಪುರದ ಕಲೆಕ್ಟರನೇ ಅದರ ಪೊಲಿಟಿಕಲ್ ಏಜಂಟ. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, 1949ರಲ್ಲಿ ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿ, 1960ರಲ್ಲಿ ಆ ಜಿಲ್ಲೆಗೆ ಸಾಂಗಲಿಯೆಂದು ಹೆಸರಾದಾಗ ಸಾಂಗಲಿಯದಾಯಿತು. ಇಂತಹ ಸಂಸ್ಥಾನದ ಚರಿತ್ರೆಯನ್ನು ಬರೆಯಹೊರಟವನು ಪುಣೆಯ ದಫ್ತರದ ಬಾಗಿಲನ್ನು ತಟ್ಟದೆ ಗತಿಯಿಲ್ಲ.

ಮಹಾಜನ ಆಯೋಗವು 1967ರಲ್ಲಿ ವರದಿಯನ್ನು ಕೊಟ್ಟಂದಿನಿಂದ ಜತ್ತದ ಹೆಸರು ಎರಡೂ ರಾಜ್ಯಗಳ ಸಭೆಗಳಲ್ಲಿ ಆಗಾಗ ಮೊಳಗುವದು. 2022ರ ಕೊನೆಯಲ್ಲಿಯೂ ಮೊಳಗಿತು. ಅತ್ತಣ ಭಾಷಣಕಾರನೂ ಇತ್ತಣ ಭಾಷಣಕಾರನೂ ಜತ್ತದ ‘ಇತಿಹಾಸ’ವನ್ನು ಹೇಳುವನು, ಇಬ್ಬರ ಕೈಯಲ್ಲಿಯೂ ಒಂದು ಕಾಗದವಿರುವದಿಲ್ಲ. ಗಡಿಯ ವಾದಕ್ಕೆ ನಾವು ಇಲ್ಲಿ ಇಳಿಯುವದಿಲ್ಲ. ನಾವು ಕೇಳುವದು ಇಷ್ಟೇ: ಆ ಕಾಗದವನ್ನು ಓದಲು ಯಾರು ಯೋಗ್ಯರು? ಧಾರವಾಡದ ಪಂಡಿತನಿಗೆ ಮರಾಠಿ ತೊಡಕು, ಪುಣೆಯ ಪಂಡಿತನಿಗೆ ಕನ್ನಡ ತೊಡಕು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಶಾಲೆಯಲ್ಲಿ ಎರಡೂ ಎಂದು ಬೆಳೆದ ಜತ್ತದ ಹುಡುಗನಿಗೆ ಎರಡೂ ಹಾಲು ಕುಡಿದಷ್ಟು ಸುಲಭ. ಮರಾಠಿ ಬಲ್ಲವನಿಗೆ ಮೋಡಿ ಲಿಪಿ ಕೆಲವು ತಿಂಗಳ ಶ್ರಮದ ಮಾತು. ಯಾವ ಎರಡು ಭಾಷೆಗಳ ನಡುವೆ ಹುಟ್ಟಿದ್ದು ತನ್ನ ದುರ್ದೈವವೆಂದು ಅವನು ತಿಳಿದಿರುವನೋ ಅವೆರಡೂ ಆ ದಫ್ತರದ ಕೀಲಿಕೈಗಳು. ಹೊರಸಿನ ಬಾಡಿಗೆ ಕೊಟ್ಟು ಐದು ವರ್ಷ ಆ ಬಾಗಿಲಿನ ಸಮೀಪದಲ್ಲಿಯೇ ಮಲಗಿದ್ದು, ಒಮ್ಮೆಯೂ ತೆರೆಯದೆ ಅವನು ಮರಳಿ ಬರುತ್ತಾನೆ.

ಹುಡುಗರ ಮಾತನ್ನೇ ಆಡಿದೆವು. ಹುಡುಗಿಯರಿಗೆ ನಾವು ಹಾಕುವ ಗೆರೆ ಇನ್ನೂ ಬಿಗಿ: ಹಾಸ್ಟೆಲು, ಕಾಲೇಜು, ಹಾಸ್ಟೆಲು. ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಹೆಣ್ಣುಮಕ್ಕಳು ಹರದಾರಿಗಟ್ಟಲೆ ನಡೆದು ಬರುವದನ್ನು ಭಕ್ತಿಯೆಂದು ಹೊಗಳುವ ನಾವು, ಅದೇ ಹೆಣ್ಣುಮಗಳು ಪುಣೆಯಲ್ಲಿ ಗೆಳತಿಯರೊಡನೆ ಒಂದು ಹರದಾರಿ ನಡೆದರೆ ಹೌಹಾರುವೆವು. ಬುಧವಾರ ಪೇಟೆಯಲ್ಲಿ ಭಿಡೆಯವರ ವಾಡೆಯೊಂದಿತ್ತು. 1848ರಲ್ಲಿ ಜೋತಿಬಾ ಫುಲೆ, ಸಾವಿತ್ರೀಬಾಯಿ ಫುಲೆ ಹೆಣ್ಣುಮಕ್ಕಳ ಶಾಲೆಯನ್ನು ತೆರೆದದ್ದು ಆ ವಾಡೆಯಲ್ಲಿ. ಶಿಥಿಲವಾಗಿದ್ದ ವಾಡೆಯನ್ನು ಸ್ಮಾರಕ ಕಟ್ಟುವದಕ್ಕೆಂದು 2023ರ ಡಿಸೆಂಬರಿನಲ್ಲಿ ಕೆಡವಿದರು. ಅದು ನಿಂತಿದ್ದಷ್ಟು ವರ್ಷವೂ ನಮ್ಮ ತಾಲೂಕಿನ ಹೆಣ್ಣುಮಕ್ಕಳು ಅದರ ಮುಂದೆಯೇ ಹಾದುಹೋಗಿರಬೇಕು. ಅವರಿಗೆ ಇಂತಹದೊಂದು ವಾಡೆ ಇದೆಯೆಂದು ಊರಿನಿಂದ ಹೇಳಿ ಕಳಿಸಿದವರು ನಮ್ಮಲ್ಲಿ ಯಾರಿದ್ದರು?