ಬೆನ್ನಿನ ನೋವಿಗೆ ಪುರಾವೆ ಕೊಡಬೇಕಾದವರು ಯಾರು?

ಕ್ಯಾಸಂಬಳ್ಳಿ, ಬೇತಮಂಗಲ, ಬಂಗಾರಪೇಟೆಯ ರಸ್ತೆಗಳಲ್ಲಿ ಬೆಳಗಿನ ಜಾವ ಹುಡುಗರು ಗುಂಪು ಗುಂಪಾಗಿ ಓಡುತ್ತಿದ್ದರೆ ಸೇನಾ ಭರ್ತಿ ರ‍್ಯಾಲಿ ಹತ್ತಿರ ಬಂದಿದೆ ಎಂದೇ ಅರ್ಥ. 1.6 ಕಿ.ಮೀ. ಓಟವನ್ನು ಎಷ್ಟು ನಿಮಿಷದಲ್ಲಿ ಮುಗಿಸಬೇಕು, ಎದೆ ಎಷ್ಟು ಹಿಗ್ಗಬೇಕು ಎಂಬುದೆಲ್ಲ ಅವರಿಗೆ ಬಾಯಿಪಾಠ. ಸೇನೆಗೆ ಸೇರಿದ ಮೇಲೆ ಬೆನ್ನುಮೂಳೆಗೋ ನರಕ್ಕೋ ಪೆಟ್ಟಾದರೆ ಏನು ಸಿಗುತ್ತದೆ ಎಂದು ಕೇಳಿ ನೋಡಿ. ಹೆಚ್ಚಿನವರು ‘ಪಿಂಚಣಿ ಬರುತ್ತಲ್ಲ’ ಎನ್ನುತ್ತಾರೆ. ಬರುತ್ತದೆ ನಿಜ. ಆದರೆ ಎಲ್ಲರಿಗೂ ಬರುವುದಿಲ್ಲ, ತಾನಾಗಿಯೂ ಬರುವುದಿಲ್ಲ.

ಸೈನಿಕನ ಬೆನ್ನಿನ ಗಾಯ ಎಂದರೆ ನಮಗೆ ನೆನಪಾಗುವುದು ಮುರಳೀಕಾಂತ್ ಪೇಟ್ಕರ್ ಅಂಥವರು. 1965ರ ಯುದ್ಧದಲ್ಲಿ ಗುಂಡೇಟು ತಿಂದು, ಒಂದು ಗುಂಡು ಬೆನ್ನುಮೂಳೆಯಲ್ಲೇ ಉಳಿದರೂ 1972ರಲ್ಲಿ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನ ಈಜಿನಲ್ಲಿ ಚಿನ್ನ ಗೆದ್ದವರು ಅವರು. ಬೆನ್ನುಹುರಿಗೆ ಪೆಟ್ಟಾದ ಯೋಧರಿಗಾಗಿ 1974ರಿಂದ ಪುಣೆಯ ಖಡ್ಕಿಯಲ್ಲಿ ಪುನರ್ವಸತಿ ಕೇಂದ್ರವೇ ಇದೆ. ಅಂಥ ಗಾಯವನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಬಹುಪಾಲು ಜವಾನರ ಬೆನ್ನು ಕೆಡುವುದು ಗುಂಡಿನಿಂದಲ್ಲ. ವರ್ಷಗಟ್ಟಲೆ ಭಾರದ ಪಿಟ್ಟು ಹೊತ್ತು ಬೆಟ್ಟ ಹತ್ತುವುದು, ಹಾಳುಬಿದ್ದ ರಸ್ತೆಯಲ್ಲಿ ಟ್ರಕ್ ಓಡಿಸುವುದು, ತರಬೇತಿಯಲ್ಲಿ ಎತ್ತರದಿಂದ ಬೀಳುವುದು ಇವೆಲ್ಲ ನಿಧಾನಕ್ಕೆ ಬೆನ್ನನ್ನು ತಿನ್ನುತ್ತವೆ. ಡಿಸ್ಕ್ ಜಾರುತ್ತದೆ, ನರ ಒತ್ತಿ ಕಾಲಿಗೆ ಜೋಮು ಹಿಡಿಯುತ್ತದೆ, ಕುತ್ತಿಗೆಯ ಸ್ಪಾಂಡಿಲೋಸಿಸ್‌ನಿಂದ ಕೈ ಮರಗಟ್ಟುತ್ತದೆ. ಹೊರಗೆ ನೋಡಿದರೆ ಗಾಯದ ಗುರುತೂ ಇರುವುದಿಲ್ಲ.

ನಮ್ಮ ಬೀದಿಯಲ್ಲಿ ನಿವೃತ್ತ ಹವಾಲ್ದಾರರೊಬ್ಬರಿದ್ದಾರೆ. ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಒಂದೇ ಕಡೆ ಕೂರಲಾರರು. ‘ಸರ್ವಿಸ್‌ನಲ್ಲಿದ್ದಾಗ ತೋರಿಸಿಕೊಳ್ಳಲಿಲ್ವಾ ಮಾಮ?’ ಎಂದು ಕೇಳಿದರೆ, ‘ಬೆನ್ನು ನೋವು ಅಂತ ಯಾರಪ್ಪ ಸಿಕ್ ರಿಪೋರ್ಟ್ ಮಾಡ್ತಾರೆ? ಮುಲಾಮು ಹಚ್ಕೊಂಡು ಡ್ಯೂಟಿ ಮಾಡಿದ್ವಿ’ ಎಂದು ನಗುತ್ತಾರೆ. ನಿವೃತ್ತಿಯ ಹೊತ್ತಿಗೆ ಮೆಡಿಕಲ್ ಬೋರ್ಡ್ ಮುಂದೆ ನಿಂತಾಗ ಅವರ ಬಳಿ ಎಂಆರ್‌ಐ ಒಂದಿತ್ತು, ಹಿಂದಿನ ಕಾಗದ ಒಂದೂ ಇರಲಿಲ್ಲ. ಅವರ ಕಡತದಲ್ಲಿ ವಯೋಸಹಜ ಸವೆತ ಎಂದು ಬರೆದು ಮುಗಿಸಿದರು.

ಬೋರ್ಡ್ ಉತ್ತರಿಸಬೇಕಾದ ಪ್ರಶ್ನೆ ಇಷ್ಟೇ: ಈ ಕಾಯಿಲೆ ಸೇವೆಯಿಂದ ಬಂದದ್ದೇ? ಮೊದಲೇ ಇದ್ದು ಸೇವೆಯಿಂದ ಉಲ್ಬಣಿಸಿದ್ದೇ? ಅಥವಾ ಎರಡೂ ಅಲ್ಲವೇ? ಮೂರನೆಯ ಉತ್ತರ ಬಂದರೆ ಅಂಗವೈಕಲ್ಯದ ಹಣವಿಲ್ಲ. ಬೆನ್ನು ಮತ್ತು ನರದ ಕಾಯಿಲೆಗಳಲ್ಲಿ ‘ಶಾಂತಿ ಪ್ರದೇಶದಲ್ಲಿದ್ದಾಗ ಕಾಣಿಸಿಕೊಂಡಿದೆ, ಆದ್ದರಿಂದ ಸೇವೆಗೆ ಸಂಬಂಧವಿಲ್ಲ’ ಎಂಬ ಒಂದು ಸಾಲಿನ ತೀರ್ಮಾನ ಮತ್ತೆ ಮತ್ತೆ ಬರುತ್ತದೆ. ಆರು ವರ್ಷ ಬೆಟ್ಟದಲ್ಲಿ ಭಾರ ಹೊತ್ತವನ ಡಿಸ್ಕ್ ಏಳನೆಯ ವರ್ಷ ಬಯಲಿನ ಕ್ಯಾಂಟೋನ್ಮೆಂಟಿನಲ್ಲಿ ಜಾರಿದರೆ ಆ ಆರು ವರ್ಷಗಳನ್ನು ಲೆಕ್ಕದಿಂದ ತೆಗೆದುಹಾಕಬಹುದೇ?

ಈ ಬಗ್ಗೆ ಸುಪ್ರೀಂ ಕೋರ್ಟ್ 2013ರ ಜುಲೈನಲ್ಲೇ ಸ್ಪಷ್ಟ ಮಾತು ಹೇಳಿದೆ. ಧರಮ್‌ವೀರ್ ಸಿಂಗ್ 1985ರಲ್ಲಿ ಸಿಗ್ನಲ್ಸ್ ವಿಭಾಗಕ್ಕೆ ಸಿಪಾಯಿಯಾಗಿ ಸೇರಿದ್ದರು. ಅಪಸ್ಮಾರ ಬಂತೆಂದು 1994ರಲ್ಲಿ ಶೇ 20ರ ಅಂಗವೈಕಲ್ಯದೊಂದಿಗೆ ಅವರನ್ನು ಮನೆಗೆ ಕಳುಹಿಸಲಾಯಿತು. ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲವೆಂದು ಪಿಂಚಣಿ ನಿರಾಕರಿಸಲಾಯಿತು. ನ್ಯಾಯಾಲಯ ಒಪ್ಪಲಿಲ್ಲ. ಭರ್ತಿಯ ವೇಳೆ ವೈದ್ಯರು ಯಾವ ಕಾಯಿಲೆಯನ್ನೂ ನಮೂದಿಸದಿದ್ದರೆ ಅವನು ಆರೋಗ್ಯವಂತನಾಗಿಯೇ ಸೇರಿದ ಎಂದು ಭಾವಿಸಬೇಕು, ಆಮೇಲೆ ಬಂದ ಕಾಯಿಲೆ ಸೇವೆಯಿಂದ ಬಂದದ್ದಲ್ಲ ಎನ್ನುವುದಾದರೆ ಬೋರ್ಡ್ ಕಾರಣ ಬರೆಯಬೇಕು, ಸಾಬೀತು ಮಾಡುವ ಹೊಣೆ ಸೈನಿಕನದಲ್ಲ, ಸಂದೇಹದ ಲಾಭ ಅವನಿಗೇ ಸಲ್ಲಬೇಕು ಎಂದಿತು. ತೀರ್ಪೇನೋ ಬಂತು. ಆದರೆ 1994ರಿಂದ 2013 ಅಂದರೆ ಹತ್ತೊಂಬತ್ತು ವರ್ಷ. ಅಷ್ಟು ಕಾಲ ಕೋರ್ಟು ಅಲೆಯುವ ಶಕ್ತಿ ಎಷ್ಟು ಜವಾನರಿಗಿದೆ?

ಈ ಹಣ ಎಷ್ಟೆಂದು ಒಂದು ಲೆಕ್ಕ ನೋಡೋಣ. ಶೇ 100ರ ಅಂಗವೈಕಲ್ಯಕ್ಕೆ ಕೊನೆಯ ವೇತನದ ಶೇ 30ರಷ್ಟು ಎಂಬುದು ಈವರೆಗೆ ನಡೆದುಬಂದ ಸೂತ್ರ. ಕೊನೆಯ ವೇತನ 40,000 ರೂಪಾಯಿ ಎಂದುಕೊಂಡರೆ ಪೂರ್ಣ ಅಂಗವೈಕಲ್ಯಕ್ಕೆ ತಿಂಗಳಿಗೆ 12,000, ಶೇ 20ಕ್ಕೆ 2,400. 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದ ತೀರ್ಪು ಬಂದ ಮೇಲೆ ಅವಧಿ ಮುಗಿಸಿ ನಿವೃತ್ತರಾದವರಿಗೂ ಶೇ 20ನ್ನು 50ಕ್ಕೆ ಏರಿಸಿ ಲೆಕ್ಕ ಹಾಕುವ ಲಾಭ ಸಿಕ್ಕಿತು. ಆಗ 2,400 ರೂಪಾಯಿ 6,000 ಆಗುತ್ತದೆ. ಫಿಸಿಯೋಥೆರಪಿಗೆ ವಾರ ವಾರ ಕೋಲಾರಕ್ಕೋ ಬೆಂಗಳೂರಿಗೋ ಓಡಾಡುವ ಮನೆಗೆ ಅದು ಸಣ್ಣ ಮೊತ್ತವಲ್ಲ.

ಸರ್ಕಾರದ ವಾದವನ್ನೂ ಕೇಳಬೇಕು. ಅಂಗವೈಕಲ್ಯ ಪಿಂಚಣಿ ದುರುಪಯೋಗವಾಗುತ್ತಿದೆ, ಜೀವನಶೈಲಿಯ ಕಾಯಿಲೆಗಳಿಗೂ ಜನ ಅದನ್ನು ಪಡೆಯುತ್ತಿದ್ದಾರೆ ಎಂಬ ದೂರಿದೆ. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಗಳು ಜಾರಿಗೆ ಬಂದಿವೆ. ದುರುಪಯೋಗ ತಡೆಯಲೇಬೇಕು, ಅದು ಜನರ ತೆರಿಗೆ ಹಣ. ಆದರೆ ಸಿಎಜಿ ವರದಿಯೇ ತೋರಿಸಿದ ಇನ್ನೊಂದು ಸಂಗತಿಯಿದೆ. ಅಂಗವೈಕಲ್ಯ ಪಿಂಚಣಿಯೊಂದಿಗೆ ನಿವೃತ್ತರಾಗುವವರ ಪ್ರಮಾಣ ಅಧಿಕಾರಿಗಳಲ್ಲಿ ಜವಾನರಿಗಿಂತ ಎರಡು ಪಟ್ಟಿಗೂ ಹೆಚ್ಚು. ಭಾರ ಹೊರುವವರು ಹೆಚ್ಚಾಗಿ ಜವಾನರು. ಹಾಗಾದರೆ ಈ ವ್ಯತ್ಯಾಸ ಎಲ್ಲಿಂದ ಬಂತು? ನಿಯಮ ಓದಬಲ್ಲವರಿಗೆ, ಕಾಗದ ಇಟ್ಟುಕೊಂಡವರಿಗೆ ದಾರಿ ಸಲೀಸು ಎಂಬುದು ನನಗೆ ತೋರುವ ಕಾರಣಗಳಲ್ಲಿ ಒಂದು. ನಿಯಮವನ್ನು ಎಲ್ಲರಿಗೂ ಬಿಗಿ ಮಾಡಿದರೆ ಮೊದಲು ಹೊರಗುಳಿಯುವವನು ಕಾಗದವಿಲ್ಲದ ಜವಾನನೇ.

ದುಡಿಮೆಯಿಂದ ಬಂದ ಕಾಯಿಲೆಯನ್ನು ಸಾಬೀತು ಮಾಡುವ ಕಷ್ಟ ಕೆಜಿಎಫ್‌ನವರಿಗೆ ಹೊಸದಲ್ಲ. ಸಿಲಿಕೋಸಿಸ್ ಬಗ್ಗೆ ಓದುವ ವೈದ್ಯಕೀಯ ವಿದ್ಯಾರ್ಥಿಗಳಿಗೆ ಕೋಲಾರದ ಚಿನ್ನದ ಗಣಿಯ ಹೆಸರು ಪರಿಚಿತ. ಗಣಿಯ ದೂಳು ಶ್ವಾಸಕೋಶದಲ್ಲಿ ಕೂತದ್ದೂ ಹೊರಗೆ ಕಾಣುತ್ತಿರಲಿಲ್ಲ. ಅಂಥ ಕಾಯಿಲೆಗಳಿಗಾಗಿಯೇ 1923ರ ಕಾರ್ಮಿಕ ಪರಿಹಾರ ಕಾಯ್ದೆಯಲ್ಲಿ ಒಂದು ಪಟ್ಟಿ ಇತ್ತು. ಪಟ್ಟಿಯಲ್ಲಿರುವ ರೋಗ, ಆ ಕೆಲಸದಲ್ಲಿ ನಿಗದಿತ ಅವಧಿ ದುಡಿದವನಿಗೆ ಬಂದರೆ, ಅದು ಕೆಲಸದಿಂದಲೇ ಬಂದದ್ದೆಂದು ಕಾಯ್ದೆ ಭಾವಿಸುತ್ತಿತ್ತು. ಅಲ್ಲ ಎನ್ನುವುದಾದರೆ ಮಾಲೀಕ ಸಾಬೀತು ಮಾಡಬೇಕಿತ್ತು. ಸೈನಿಕನ ಬೆನ್ನಿಗೂ ಇಂಥದೇ ಪಟ್ಟಿ ಏಕಿರಬಾರದು? ಇಂತಿಷ್ಟು ವರ್ಷ ಎತ್ತರದ ಪ್ರದೇಶದಲ್ಲಿ ಭಾರ ಹೊತ್ತವನ, ಇಂತಿಷ್ಟು ವರ್ಷ ಭಾರಿ ವಾಹನ ಓಡಿಸಿದವನ ಡಿಸ್ಕ್ ಕಾಯಿಲೆಯನ್ನು ಸೇವೆಯದ್ದೆಂದೇ ಪರಿಗಣಿಸಲಿ. ಒಪ್ಪದಿದ್ದರೆ ಬೋರ್ಡ್ ಕಾರಣ ಕೊಡಲಿ.

ಈಗ ಓಡುತ್ತಿರುವ ಹುಡುಗರಿಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ಅವರಲ್ಲಿ ಹೆಚ್ಚಿನವರು ಸೇರುವುದು ಅಗ್ನಿವೀರರಾಗಿ. 2022ರ ಜೂನ್‌ನಲ್ಲಿ ಘೋಷಣೆಯಾದ ಈ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ, ಕಾಯಂ ಆಗುವವರು ಶೇ 25ರವರೆಗೆ ಮಾತ್ರ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ ಸಿಗುತ್ತದೆ, ಪಿಂಚಣಿ ಇಲ್ಲ. ಸೇವೆಯಿಂದಾದ ಅಂಗವೈಕಲ್ಯ ಶೇ 100 ಇದ್ದರೆ 44 ಲಕ್ಷ, ಶೇ 75ಕ್ಕೆ 25 ಲಕ್ಷ, ಶೇ 50ಕ್ಕೆ 15 ಲಕ್ಷ ರೂಪಾಯಿ ಒಂದೇ ಬಾರಿಯ ಪರಿಹಾರವಿದೆ. ಇಲ್ಲೂ ‘ಸೇವೆಯಿಂದಾದ’ ಎಂಬ ಪದವೇ ನಿರ್ಣಾಯಕ. ಇಪ್ಪತ್ತನೇ ವಯಸ್ಸಿನಲ್ಲಿ ಬಿದ್ದ ಪೆಟ್ಟು ಮೂವತ್ತರಲ್ಲಿ ನರ ಒತ್ತಲು ಶುರು ಮಾಡಿದರೆ ಅವನು ಅಷ್ಟರಲ್ಲಿ ಸೇನೆ ಬಿಟ್ಟು ಆರೇಳು ವರ್ಷವಾಗಿರುತ್ತದೆ. ಸೇವೆಯಲ್ಲಿ ಬೇರು ಬಿಟ್ಟು ನಿವೃತ್ತಿಯ ನಂತರ ಕಾಣಿಸಿಕೊಂಡ ರೋಗಕ್ಕೂ ಅರ್ಜಿ ಹಾಕುವ ಅವಕಾಶ ಪಿಂಚಣಿ ನಿಯಮಗಳಲ್ಲಿ ಬಂದಿದೆ. ನಾಲ್ಕು ವರ್ಷ ದುಡಿದು ಬಂದವನಿಗೂ ಆ ಬಾಗಿಲು ತೆರೆದಿರಬೇಕು.

ವ್ಯವಸ್ಥೆ ಬದಲಾಗುವವರೆಗೆ ನಾವು ಮಾಡಬಹುದಾದ ಕೆಲಸವೂ ಇದೆ. ಸೇರುವವರು ಬೆನ್ನು ನೋವನ್ನು ನುಂಗಿಕೊಳ್ಳದೆ ಯೂನಿಟ್ ವೈದ್ಯರ ಬಳಿ ದಾಖಲಿಸಲಿ. ಬಿದ್ದರೆ ಇಂಜುರಿ ರಿಪೋರ್ಟ್ ಬರೆಸಿ ಪ್ರತಿ ಇಟ್ಟುಕೊಳ್ಳಲಿ. ಬಿಡುಗಡೆಯ ಮೆಡಿಕಲ್ ಬೋರ್ಡ್‌ನ ಪ್ರತಿಯನ್ನು ಕೇಳಿ ಪಡೆಯಲಿ. ಅರ್ಜಿ ತಿರಸ್ಕೃತವಾದರೆ ಆರು ತಿಂಗಳೊಳಗೆ ಮೊದಲ ಮೇಲ್ಮನವಿ, ಅನಂತರ ಎರಡನೆಯದು, ಆಮೇಲೆ 2009ರಿಂದ ಕೆಲಸ ಮಾಡುತ್ತಿರುವ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ತಡ ಮಾಡಿದಷ್ಟೂ ನಷ್ಟ. 2008ರ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಪಿಂಚಣಿ ಸಿಕ್ಕರೂ ಬಾಕಿ ಹಣವನ್ನು ಅರ್ಜಿಗೆ ಹಿಂದಿನ ಮೂರು ವರ್ಷಕ್ಕಷ್ಟೇ ಮಿತಿಗೊಳಿಸಲಾಯಿತು.

ಓದು ಬಲ್ಲ ನಾವು ಬೀದಿಯ ನಿವೃತ್ತ ಸೈನಿಕರ ಜೊತೆ ಒಂದು ಭಾನುವಾರ ಕೂತು ಅವರ ಹಳೆಯ ಟ್ರಂಕಿನ ಕಾಗದಗಳನ್ನು ಜೋಡಿಸಬಹುದು. ಇಂಗ್ಲಿಷಿನಲ್ಲಿ ಬಂದ ತಿರಸ್ಕಾರ ಪತ್ರದಲ್ಲಿ ಏನಿದೆ ಎಂದು ಓದಿ ಹೇಳಬಹುದು. ಸೈನಿಕ ಕಲ್ಯಾಣ ಇಲಾಖೆ ತಾಲ್ಲೂಕು ಮಟ್ಟದಲ್ಲಿ ತಿಂಗಳಿಗೊಮ್ಮೆ ಈ ಅರ್ಜಿಗಳಿಗಾಗಿಯೇ ಶಿಬಿರ ನಡೆಸಲಿ ಎಂದು ಕೇಳಬಹುದು. ಭರ್ತಿಯ ದಿನ ಹುಡುಗನ ಬೆನ್ನು ನೆಟ್ಟಗಿದೆ ಎಂದು ಸೇನೆಯ ವೈದ್ಯರೇ ಪರೀಕ್ಷಿಸಿ ಸಹಿ ಹಾಕುತ್ತಾರೆ. ಅದು ಬಾಗಿ ಮನೆಗೆ ಬಂದಾಗ ಏಕೆ ಬಾಗಿತೆಂದು ಹೇಳುವ ಹೊಣೆಯೂ ಆ ಸಹಿ ಹಾಕಿದವರದ್ದೇ.